ಅಳತೆ ಕೆಡದೆ ನೇರ ಹಾರುವ ರಾಕೆಟ್

ಮನುಷ್ಯರನ್ನು ಚಂದ್ರನತ್ತ ಕಳಿಸಿದ ಸ್ಯಾಟರ್ನ್-5 ರಾಕೆಟ್ಟಿನ ಎತ್ತರ 110 ಮೀಟರಿಗೂ ಹೆಚ್ಚು, ಬುಡದ ವ್ಯಾಸ ಹತ್ತು ಮೀಟರ್. ಅದರ ಬುಡದಲ್ಲಿ ನಾಲ್ಕು ರೆಕ್ಕೆಗಳಿದ್ದವು, ಆದರೆ ಫೋಟೊದಲ್ಲಿ ಹುಡುಕಿ ನೋಡಬೇಕಾದಷ್ಟು ಚಿಕ್ಕವು. ಇದನ್ನೇ ನೂರರಲ್ಲೊಂದು ಪಾಲಿಗೆ ಇಳಿಸಿ ಕಾಗದದ ಕೊಳವೆಯಲ್ಲಿ ಕಟ್ಟಿದರೆ 1.1 ಮೀಟರ್ ಎತ್ತರದ, ಹತ್ತು ಸೆಂಟಿಮೀಟರ್ ದಪ್ಪದ ಚಂದದ ಮಾದರಿ ಸಿಗುತ್ತದೆ. ಬೀರುವಿನ ಮೇಲಿಡಲು ಅಷ್ಟು ಸಾಕು. ಹಾರಿಸುವುದಾದರೆ ಮಾತ್ರ ತೊಂದರೆ ಶುರು. ನಕ್ಷೆಯ ಅಳತೆಯನ್ನೇ ನಂಬಿ, ಬೇರೇನೂ ಉಪಾಯ ಮಾಡದೆ ಮೋಟಾರಿಗೆ ಕಿಡಿ ಕೊಟ್ಟರೆ ಅದು ಉಡಾವಣಾ ಸರಳು ಬಿಟ್ಟ ಕ್ಷಣದಲ್ಲೇ ಬುಡಮೇಲಾಗಿ ಗಾಳಿಯಲ್ಲಿ ಪಲ್ಟಿ ಹೊಡೆಯುವ ಸಾಧ್ಯತೆಯೇ ಹೆಚ್ಚು.

ಮೂಲ ರಾಕೆಟ್ ನೇರ ಹೋಗಿದ್ದು ರೆಕ್ಕೆಯ ಬಲದಿಂದಲ್ಲ. ಅದರ ಐದು ಎಂಜಿನ್‌ಗಳಲ್ಲಿ ಹೊರಗಿನ ನಾಲ್ಕು ಅತ್ತಿತ್ತ ತಿರುಗುತ್ತಿದ್ದವು. ದೇಹ ಎಳ್ಳಷ್ಟು ವಾಲಿದರೂ ಗಣಕ ಅದನ್ನು ಗ್ರಹಿಸಿ ಎಂಜಿನ್ ತಿರುಗಿಸಿ ಸರಿಪಡಿಸುತ್ತಿತ್ತು. ಆ ಪುಟ್ಟ ರೆಕ್ಕೆಗಳು ಇದ್ದದ್ದು ಬೇರೆ ಕಾರಣಕ್ಕೆ: ನಿಯಂತ್ರಣ ಕೈಕೊಟ್ಟರೆ ರಾಕೆಟ್ ತಿರುಗಿಬೀಳುವ ವೇಗವನ್ನು ತಗ್ಗಿಸಿ, ಗಗನಯಾತ್ರಿಗಳು ಪಾರಾಗಲು ಒಂದಿಷ್ಟು ಸಮಯ ಕೊಡಲು. ನಮ್ಮ ಕಾಗದದ ಮಾದರಿಯೊಳಗೆ ಗಣಕವೂ ಇಲ್ಲ, ತಿರುಗುವ ಎಂಜಿನ್ನೂ ಇಲ್ಲ. ಅದು ಗಾಳಿಯನ್ನೊಂದೇ ನೆಚ್ಚಿಕೊಂಡು ನೇರ ಹೋಗಬೇಕು. ಸ್ಕೇಲ್ ಮಾದರಿ ಕಟ್ಟುವವರ ಮುಂದಿರುವ ದೊಡ್ಡ ಪ್ರಶ್ನೆ ಇದೇ. ಆಕಾರ ಮೂಲಕ್ಕೆ ನಿಷ್ಠವಾಗಿರಬೇಕು, ಆದರೆ ನೇರ ಹಾರುವ ಕಾರಣ ಮೂಲದ್ದಾಗಿರಲು ಸಾಧ್ಯವಿಲ್ಲ. ಈ ಇಕ್ಕಟ್ಟಿನಿಂದ ಪಾರಾಗಲು ಕಳೆದ ಅರವತ್ತು-ಎಪ್ಪತ್ತು ವರ್ಷಗಳಲ್ಲಿ ಜನ ಹಲವು ದಾರಿ ಹುಡುಕಿದ್ದಾರೆ. ಅವನ್ನೆಲ್ಲ ಪರಿಶೀಲಿಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಸ್ಥಿರತೆಯ ಪ್ರಶ್ನೆ ಅರ್ಧಕ್ಕಿಂತ ಹೆಚ್ಚು ತೀರ್ಮಾನವಾಗುವುದು ಕತ್ತರಿ ಕೈಗೆತ್ತಿಕೊಳ್ಳುವ ಮೊದಲೇ, ಯಾವ ರಾಕೆಟ್ಟಿನ ಮಾದರಿ ಮಾಡಬೇಕೆಂದು ಆರಿಸುವಾಗ.

ಸ್ಥಿರತೆ ಎಂದರೇನೆಂದು ಮೊದಲು ನೋಡೋಣ. ಗಾಳಿಯಲ್ಲಿ ಬಿಡುವಾಗಿ ಹಾರುವ ಯಾವುದೇ ವಸ್ತು ತಿರುಗುವುದು ತನ್ನ ಗುರುತ್ವ ಕೇಂದ್ರದ ಸುತ್ತ. ರಾಕೆಟ್ ಸ್ವಲ್ಪ ಓರೆಯಾದಾಗ ಗಾಳಿ ಅದರ ಪಕ್ಕಕ್ಕೆ ಒತ್ತುತ್ತದೆ. ಮೂತಿಯ ಮೇಲೆ ಒಂದಷ್ಟು, ರೆಕ್ಕೆಗಳ ಮೇಲೆ ಒಂದಷ್ಟು. ಆ ಒತ್ತಡವೆಲ್ಲ ಒಂದೇ ಬಿಂದುವಿನಲ್ಲಿ ಬಿದ್ದಂತೆ ಲೆಕ್ಕ ಹಾಕಿದರೆ ಸಿಗುವುದು ಒತ್ತಡ ಕೇಂದ್ರ. ಅದು ಗುರುತ್ವ ಕೇಂದ್ರಕ್ಕಿಂತ ಹಿಂದಿದ್ದರೆ ಗಾಳಿಯೇ ಬಾಲವನ್ನು ತಳ್ಳಿ ಮೂತಿಯನ್ನು ಮತ್ತೆ ದಾರಿಗೆ ತರುತ್ತದೆ. ಮುಂದಿದ್ದರೆ ಅದೇ ಗಾಳಿ ಓರೆಯನ್ನು ಇನ್ನಷ್ಟು ಓರೆ ಮಾಡುತ್ತದೆ. ಎರಡರ ನಡುವಿನ ಅಂತರವನ್ನು ದೇಹದ ವ್ಯಾಸದಲ್ಲಿ ಅಳೆಯುವುದು ರೂಢಿ. ಒಂದು ವ್ಯಾಸದಷ್ಟಾದರೂ ಅಂತರ ಬೇಕು, ಎರಡಿದ್ದರೆ ನೆಮ್ಮದಿ. ತೀರಾ ಹೆಚ್ಚಾದರೆ ಮತ್ತೊಂದು ತಾಪತ್ರಯ: ಅಡ್ಡಗಾಳಿ ಬೀಸಿದಾಗ ರಾಕೆಟ್ ಗಾಳಿ ಬಂದ ದಿಕ್ಕಿಗೇ ಮುಖ ತಿರುಗಿಸಿ, ಮೇಲೆ ಹೋಗುವ ಬದಲು ಹೊಲ ದಾಟಿ ಓಡುತ್ತದೆ.

ಸೂತ್ರ ಗೊತ್ತಿಲ್ಲದ ಕಾಲದಲ್ಲೇ ಈ ತತ್ವವನ್ನು ಕೈಬಳಕೆಯಿಂದ ಅರಿತಿದ್ದವರು ನಮ್ಮ ನೆಲದಲ್ಲಿದ್ದರು. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದ ಉದ್ದನೆಯ ಬಿದಿರು ಅಥವಾ ಕತ್ತಿಯ ಅಲಗು. 1780ರ ಪೊಳ್ಳಿಲೂರು ಕದನದಲ್ಲಿ ಬ್ರಿಟಿಷರು ಅದರ ರುಚಿ ಕಂಡರು. ಆ ಬಿದಿರು ಗಾಳಿಪಟದ ಬಾಲಂಗೋಚಿಯ ಕೆಲಸ ಮಾಡುತ್ತಿತ್ತು. ತೂಕವೆಲ್ಲ ಮುಂದಿನ ಕಬ್ಬಿಣದಲ್ಲಿ, ಗಾಳಿಯ ಹಿಡಿತವೆಲ್ಲ ಹಿಂದಿನ ಉದ್ದನೆಯ ಕೋಲಿನಲ್ಲಿ. ಹೀಗಾಗಿ ಒತ್ತಡ ಕೇಂದ್ರ ತಾನಾಗಿ ಹಿಂದೆ ಸರಿಯುತ್ತದೆ. ವೈಮಾಂತರಿಕ್ಷ ವಿಜ್ಞಾನಿ ರೊದ್ದಂ ನರಸಿಂಹ ಈ ರಾಕೆಟ್ಟುಗಳ ಬಗ್ಗೆ ಆಳವಾಗಿ ಬರೆದಿದ್ದಾರೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಇಂಥ ರಾಕೆಟ್ ಕೊಳವೆಗಳ ರಾಶಿಯೇ ಸಿಕ್ಕಿತು. ಬ್ರಿಟನ್ನಿನ ವಿಲಿಯಂ ಕಾಂಗ್ರೀವ್ ಮೈಸೂರಿನ ಮಾದರಿಯಿಂದ ಕಲಿತು ತನ್ನ ರಾಕೆಟ್ ರೂಪಿಸಿದರೂ ಕೋಲನ್ನು ಬಿಡಲಾಗಲಿಲ್ಲ. 1844ರಲ್ಲಿ ವಿಲಿಯಂ ಹೇಲ್ ಕೋಲು ತೆಗೆದು, ಹೊರಬರುವ ಅನಿಲದಿಂದಲೇ ರಾಕೆಟ್ ತನ್ನ ಸುತ್ತ ಗಿರ್ರನೆ ತಿರುಗುವಂತೆ ಮಾಡಿದ. ನಮ್ಮ ದೀಪಾವಳಿಯ ರಾಕೆಟ್ಟಿಗೆ ಈಗಲೂ ಕಡ್ಡಿಯೇ ಗತಿ.

ಇಂದಿನ ಮಾದರಿ ರಾಕೆಟ್ ಹವ್ಯಾಸ ಹುಟ್ಟಿದ್ದು ಅಮೆರಿಕದಲ್ಲಿ. ನೆಬ್ರಾಸ್ಕದ ನಾರ್ಫೋಕ್‌ನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ಕಾಗದದ ಕೊಳವೆಯ ಪುಟ್ಟ ಮೋಟಾರನ್ನೂ ಅದರಿಂದ ಹಾರುವ ಹಗುರ ರಾಕೆಟ್ಟನ್ನೂ ಮಾಡಿದರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಸ್ಟೈನ್ ಅದರ ಮಹತ್ವ ಕಂಡುಕೊಂಡರು. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಹುಡುಗರು ಕಬ್ಬಿಣದ ಪೈಪಿಗೆ ರಾಸಾಯನಿಕ ತುಂಬಿ ಕೈಕಾಲು ಕಳೆದುಕೊಳ್ಳುತ್ತಿದ್ದ ಹೊತ್ತದು. ಸ್ಟೈನ್ ಅವರಿಗೆ ಕಾರ್ಖಾನೆಯಲ್ಲಿ ಒಂದೇ ಹದದಲ್ಲಿ ತಯಾರಾಗುವ ಮೋಟಾರ್ ಬೇಕಿತ್ತು. ಕೊಲರಾಡೊದ ವರ್ನ್ ಎಸ್ಟಿಸ್ ಅದಕ್ಕೆಂದು ಯಂತ್ರ ಕಟ್ಟಿದರು. ಹೀಗೆ ಸ್ಫೋಟಕ ತುಂಬುವ ಕೆಲಸ ಮಕ್ಕಳ ಕೈಯಿಂದ ತಪ್ಪಿತು, ವಿನ್ಯಾಸದ ಕೆಲಸ ಅವರ ಕೈಯಲ್ಲೇ ಉಳಿಯಿತು. ಈ ಹವ್ಯಾಸದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ.

ಮೋಟಾರ್ ಸಿಕ್ಕಿತು, ಆದರೆ ಒತ್ತಡ ಕೇಂದ್ರ ಎಲ್ಲಿದೆಯೆಂದು ತಿಳಿಯುವ ಸರಿಯಾದ ದಾರಿ ಇರಲಿಲ್ಲ. ಆಗ ಬಳಕೆಯಲ್ಲಿದ್ದದ್ದು ರಟ್ಟಿನ ವಿಧಾನ: ರಾಕೆಟ್ಟಿನ ಪಕ್ಕದ ನೋಟವನ್ನು ರಟ್ಟಿನಲ್ಲಿ ಕತ್ತರಿಸಿ, ಅಳತೆಪಟ್ಟಿಯ ಅಂಚಿನ ಮೇಲೆ ಸಮತೂಗುವ ಜಾಗ ಗುರುತಿಸುವುದು. ರಾಕೆಟ್ ಗಾಳಿಗೆ ಪೂರ್ತಿ ಅಡ್ಡ ನಿಂತಾಗಿನ ಒತ್ತಡ ಕೇಂದ್ರವನ್ನು ಅದು ಹೇಳುತ್ತದೆ. ಹಾರುವಾಗ ರಾಕೆಟ್ ಅಷ್ಟು ಅಡ್ಡ ನಿಲ್ಲುವುದೇ ಇಲ್ಲ. ಹೀಗಾಗಿ ಉತ್ತರ ಯಾವಾಗಲೂ ಅಗತ್ಯಕ್ಕಿಂತ ಮುಂದೆ ಬೀಳುತ್ತದೆ. ಸಾಮಾನ್ಯ ಮಾದರಿಗಳಿಗೆ ಇದರಿಂದ ನಷ್ಟವಿಲ್ಲ, ರೆಕ್ಕೆ ದೊಡ್ಡದು ಮಾಡಿದರಾಯಿತು. ಸ್ಕೇಲ್ ಮಾದರಿಗೆ ಮಾತ್ರ ಇದು ದಂಡ. ಬೇಡದ ತೂಕವನ್ನೆಲ್ಲ ಮೂತಿಗೆ ತುಂಬಿಸುತ್ತದೆ.

1966ರಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್, ಪತ್ನಿ ಜುಡಿತ್ ಜೊತೆಗೂಡಿ, ಅಮೆರಿಕದ ರಾಷ್ಟ್ರೀಯ ಮಾದರಿ ರಾಕೆಟ್ ಸ್ಪರ್ಧೆಯಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಅವರು ಕೆಲಸ ಮಾಡುತ್ತಿದ್ದದ್ದು ವಾತಾವರಣ ಶೋಧಕ್ಕೆ ಹಾರಿಸುವ ಸೌಂಡಿಂಗ್ ರಾಕೆಟ್ಟುಗಳ ಮೇಲೆ. ಸಂಕೀರ್ಣ ವಾಯುಬಲ ವಿಜ್ಞಾನವನ್ನು ಹೈಸ್ಕೂಲಿನ ಬೀಜಗಣಿತಕ್ಕೆ ಇಳಿಸಿದ್ದು ಅವರ ಹೆಚ್ಚುಗಾರಿಕೆ. ರಾಕೆಟ್ಟನ್ನು ಮೂತಿ, ವ್ಯಾಸ ಬದಲಾಗುವ ಕತ್ತು, ರೆಕ್ಕೆ ಎಂದು ಬಿಡಿಸಿ, ಒಂದೊಂದರ ಪಾಲನ್ನೂ ಪ್ರತ್ಯೇಕ ಲೆಕ್ಕ ಹಾಕಿ, ಕೊನೆಗೆ ಸರಾಸರಿ ತೆಗೆಯುವುದು. ಓರೆಯ ಕೋನ ಚಿಕ್ಕದಿದ್ದರೆ ಒಂದೇ ವ್ಯಾಸದ ನೇರ ಕೊಳವೆಯ ಪಾಲು ಸೊನ್ನೆ. ಮೂತಿಯ ಪಾಲು, ಆಕಾರ ಯಾವುದೇ ಇರಲಿ, 2. ಶಂಕುವಿನಾಕಾರದ ಮೂತಿಯಲ್ಲಿ ಅದು ಬೀಳುವುದು ತುದಿಯಿಂದ ಮೂರರಲ್ಲಿ ಎರಡು ಪಾಲು ದೂರದಲ್ಲಿ, ದುಂಡಗೆ ಬಾಗಿದ ಓಜೈವ್ ಮೂತಿಯಲ್ಲಿ 0.466 ಪಾಲಿನಲ್ಲಿ.

ಒಂದು ಲೆಕ್ಕ ಮಾಡಿ ನೋಡಿದರೆ ವಿಷಯ ಮನದಟ್ಟಾಗುತ್ತದೆ. 25 ಮಿಲಿಮೀಟರ್ ವ್ಯಾಸದ, ಅರ್ಧ ಮೀಟರ್ ಉದ್ದದ ಒಂದು ಮಾದರಿ ಇಟ್ಟುಕೊಳ್ಳೋಣ. ಓಜೈವ್ ಮೂತಿ 100 ಮಿಲಿಮೀಟರ್. ಬುಡದಲ್ಲಿ ನಾಲ್ಕು ರೆಕ್ಕೆ. ದೇಹಕ್ಕೆ ಅಂಟುವ ಅಂಚು 50, ಹೊರ ಅಂಚು 30, ಹಿಂಬದಿ ನೇರ, ಚಾಚು 40 ಮಿಲಿಮೀಟರ್. ಬ್ಯಾರೋಮನ್ ಲೆಕ್ಕದಲ್ಲಿ ರೆಕ್ಕೆಗಳ ಪಾಲು 20.8 ಬರುತ್ತದೆ, ಒತ್ತಡ ಕೇಂದ್ರ ಮೂತಿಯ ತುದಿಯಿಂದ 432 ಮಿಲಿಮೀಟರಿನಲ್ಲಿ. ಮೋಟಾರ್ ಸೇರಿ 80 ಗ್ರಾಂ ತೂಗುವ ಈ ಮಾದರಿಯ ಗುರುತ್ವ ಕೇಂದ್ರ 300ರ ಹತ್ತಿರ ಇದೆಯೆಂದರೆ ಅಂತರ ಐದು ವ್ಯಾಸಕ್ಕೂ ಹೆಚ್ಚು, ಬೇಕಾದ್ದಕ್ಕಿಂತ ಬಹಳ. ಈಗ ಬೇರೆಲ್ಲ ಹಾಗೇ ಬಿಟ್ಟು ಚಾಚನ್ನು ಮಾತ್ರ 20ಕ್ಕೆ ಇಳಿಸಿ. ರೆಕ್ಕೆಗಳ ಪಾಲು 6.6ಕ್ಕೆ ಕುಸಿಯುತ್ತದೆ, ಒತ್ತಡ ಕೇಂದ್ರ 371ಕ್ಕೆ ಬರುತ್ತದೆ. ಇನ್ನೂ ಸಾಕಷ್ಟು ಭದ್ರ. ಚಾಚನ್ನು 10ಕ್ಕೆ ಇಳಿಸಿ: ಪಾಲು 1.9, ಅಂದರೆ ಮೂತಿಯ ಪಾಲಿಗಿಂತಲೂ ಕಡಿಮೆ. ಒತ್ತಡ ಕೇಂದ್ರ 254ಕ್ಕೆ ನುಗ್ಗಿ, ಗುರುತ್ವ ಕೇಂದ್ರವನ್ನೇ ದಾಟಿ ಮುಂದೆ ಹೋಯಿತು. ಈ ರಾಕೆಟ್ ಪಲ್ಟಿ ಹೊಡೆಯುತ್ತದೆ. ಮೊದಲ 20 ಮಿಲಿಮೀಟರ್ ಕಡಿತ ಕಸಿದದ್ದು 61 ಮಿಲಿಮೀಟರ್. ಮುಂದಿನ 10 ಮಿಲಿಮೀಟರ್ ಕಸಿದದ್ದು 117. ಮೂಲ ರಾಕೆಟ್ಟಿನ ರೆಕ್ಕೆ ಚಿಕ್ಕದಾದಂತೆಲ್ಲ ಅಪಾಯ ಮೆಟ್ಟಿಲಿಳಿಯುವುದಿಲ್ಲ, ಜಾರುತ್ತದೆ.

ಈ ರೆಕ್ಕೆಗಿಡ್ಡ ಮಾದರಿಯನ್ನು ಆಕಾರ ಬದಲಿಸದೆ ಉಳಿಸಿಕೊಳ್ಳಲು ಮೂತಿಗೆ ತೂಕ ತುಂಬಬೇಕು. ಒಂದು ವ್ಯಾಸದ ಅಂತರ ಬೇಕೆಂದರೆ ಗುರುತ್ವ ಕೇಂದ್ರ 229ಕ್ಕೆ ಬರಬೇಕು. ತುದಿಯಿಂದ 60 ಮಿಲಿಮೀಟರ್ ಒಳಗೆ ಸೀಸ ಇಟ್ಟರೆ ಸುಮಾರು 34 ಗ್ರಾಂ ಬೇಕಾಗುತ್ತದೆ. 80 ಗ್ರಾಂನ ರಾಕೆಟ್ 114 ಗ್ರಾಂ ಆಯಿತು. ಎಸ್ಟಿಸ್‌ನ ಸಿ6-5 ಮೋಟಾರಿಗೆ ಕಂಪನಿ ಹೇಳುವ ಹೊರುವ ಮಿತಿ ಸುಮಾರು 113 ಗ್ರಾಂ. ಅಲ್ಲಿಗೆ ಇದು ಮಿತಿಯ ಅಂಚಿಗೆ ಬಂದು ನಿಂತಿತು. ಮೋಟಾರಿನ ಹೆಸರಿನಲ್ಲಿ ಅಕ್ಷರ ಒಟ್ಟು ಬಲವೇಗವನ್ನು ಹೇಳುತ್ತದೆ, ಒಂದೊಂದು ಅಕ್ಷರಕ್ಕೂ ಅದು ಇಮ್ಮಡಿ. ಮೊದಲ ಅಂಕಿ ನ್ಯೂಟನ್ ಲೆಕ್ಕದಲ್ಲಿ ಸರಾಸರಿ ನೂಕುಬಲ, ಕೊನೆಯದು ಪ್ಯಾರಾಚೂಟ್ ಹೊರದಬ್ಬುವ ಮುನ್ನ ಕಾಯುವ ಸೆಕೆಂಡು. ಸಿ ಸಾಲದಾದರೆ ಡಿಗೆ ಹೋಗಬೇಕು. ಆದರೆ ದೊಡ್ಡ ಮೋಟಾರೆಂದರೆ ಬಾಲದಲ್ಲಿ ಇನ್ನಷ್ಟು ತೂಕ, ಅದಕ್ಕೆ ಸಮನಾಗಿ ಮೂತಿಯಲ್ಲಿ ಮತ್ತಷ್ಟು ಸೀಸ. ಈ ಸುತ್ತಿನಿಂದ ಹೊರಬರಲು ಬಾಲವನ್ನೇ ಹಗುರ ಮಾಡಬೇಕು. ಹಿಂಭಾಗದಲ್ಲಿ ಒಂದು ಗ್ರಾಂ ಅಂಟು, ಒಂದು ಪದರ ಬಣ್ಣ ಉಳಿಸಿದರೂ ಮುಂದೆ ಅದಕ್ಕಿಂತ ಹೆಚ್ಚು ಸೀಸ ಉಳಿಯುತ್ತದೆ. ನನ್ನ ಮಟ್ಟಿಗೆ ಸ್ಕೇಲ್ ಮಾದರಿಯ ನಿಜವಾದ ಕುಶಲತೆ ಇರುವುದು ಇಲ್ಲಿ, ಹೊರಗೆ ಕಾಣದ ಈ ಜಿಪುಣತನದಲ್ಲಿ.

ತೂಕದ ಬದಲು ರೆಕ್ಕೆಯ ದಾರಿ ಹಿಡಿಯುವವರೂ ಇದ್ದಾರೆ. ರೆಕ್ಕೆಯನ್ನು ಸ್ವಲ್ಪ ದೊಡ್ಡದು ಮಾಡಿ, ಸಾಮಾನ್ಯ ನೋಡುಗನಿಗೆ ಗೊತ್ತಾಗದಂತೆ ಬಿಡುವುದು ಒಂದು ಕ್ರಮ. ರೆಕ್ಕೆಯಿಲ್ಲದ ರಾಕೆಟ್ಟುಗಳಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ರೆಕ್ಕೆ ಅಂಟಿಸುವುದು ಇನ್ನೊಂದು. ಹಾರಿಸುವ ಹೊತ್ತಿಗೆ ಸಿಕ್ಕಿಸಿ, ಪ್ರದರ್ಶನಕ್ಕಿಡುವಾಗ ಕಳಚುವಂತೆಯೂ ಮಾಡುತ್ತಾರೆ. ನನಗೆ ಹಿಗ್ಗಿಸಿದ ರೆಕ್ಕೆಗಿಂತ ಪಾರದರ್ಶಕ ರೆಕ್ಕೆಯೇ ಒಪ್ಪಿಗೆ. ಮೊದಲನೆಯದು ಅಳತೆಯನ್ನು ಗುಟ್ಟಾಗಿ ಕೆಡಿಸುತ್ತದೆ. ಎರಡನೆಯದು ಇದು ಮೂಲದ್ದಲ್ಲ, ಗಾಳಿಗಾಗಿ ಸೇರಿಸಿದ್ದು ಎಂದು ಬಹಿರಂಗವಾಗಿ ಹೇಳುತ್ತದೆ. ಎರಡಕ್ಕಿಂತಲೂ ಒಳ್ಳೆಯದು ಮೂತಿಯ ತೂಕ, ಮೋಟಾರ್ ಹೊರುವಷ್ಟು ಇದ್ದರೆ.

ಬ್ಯಾರೋಮನ್ ಲೆಕ್ಕಕ್ಕೂ ಎಲ್ಲೆ ಇದೆ. ಅದು ಓರೆಯ ಕೋನ ಚಿಕ್ಕದೆಂದು ನಂಬಿ ಹೊರಟದ್ದು. ರಾಕೆಟ್ ಸೆಕೆಂಡಿಗೆ 13 ಮೀಟರ್ ವೇಗದಲ್ಲಿ ಸರಳು ಬಿಡುವಾಗ ಅಡ್ಡಗಾಳಿ 4 ಮೀಟರ್ ವೇಗದಲ್ಲಿ ಬೀಸುತ್ತಿದ್ದರೆ ರಾಕೆಟ್ಟಿಗೆ ಗಾಳಿ ತಾಗುವುದು ಸುಮಾರು 17 ಡಿಗ್ರಿ ಓರೆಯಲ್ಲಿ. ಅಷ್ಟು ಓರೆಯಲ್ಲಿ ಕೊಳವೆಯ ಪಾಲು ಸೊನ್ನೆ ಎನ್ನುವಂತಿಲ್ಲ. ಉದ್ದನೆಯ ತೆಳ್ಳಗಿನ ದೇಹವೂ ಗಾಳಿಯನ್ನು ಹಿಡಿಯುತ್ತದೆ, ಒತ್ತಡ ಕೇಂದ್ರ ಮುಂದೆ ಸರಿಯುತ್ತದೆ. ಬ್ಯಾರೋಮನ್ ಬಿಟ್ಟ ಈ ಅಂಶವನ್ನು ರಾಬರ್ಟ್ ಗ್ಯಾಲೆಜ್ಸ್ ಸೇರಿಸಿ ತೋರಿಸಿದರು. ಕಾಗದದ ಮೇಲೆ ಒಂದು ವ್ಯಾಸದ ಭದ್ರತೆಯಿದ್ದ ತೆಳ್ಳಗಿನ ರಾಕೆಟ್ ಗಾಳಿಯ ದಿನ ಯಾಕೆ ಅಂಕೆ ತಪ್ಪುತ್ತದೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ತೆಳ್ಳಗಿದ್ದು ಉದ್ದವಾದ ಮಾದರಿಗೆ ವ್ಯಾಸದ ಲೆಕ್ಕವನ್ನಷ್ಟೇ ನೆಚ್ಚದೆ, ಒಟ್ಟು ಉದ್ದದ ಹತ್ತರಲ್ಲೊಂದು ಪಾಲಾದರೂ ಅಂತರ ಇಡಬೇಕು.

ಗಿಡ್ಡ ದಪ್ಪ ರಾಕೆಟ್ಟುಗಳಲ್ಲಿ ಇದರ ತದ್ವಿರುದ್ಧ. ಅಪೊಲೊ ನೌಕೆಯ ಪಾರುಗಾಣಿಕೆ ವ್ಯವಸ್ಥೆಯನ್ನು ಪರೀಕ್ಷಿಸಲು 1963ರಿಂದ 1966ರವರೆಗೆ ವೈಟ್ ಸ್ಯಾಂಡ್ಸ್‌ನಲ್ಲಿ ಐದು ಸಲ ಹಾರಿದ ಲಿಟಲ್ ಜೋ-2 ಮಾದರಿಗಾರರಿಗೆ ಬಲು ಪ್ರಿಯ. ದಪ್ಪ ದೇಹ, ನಾಲ್ಕು ದೊಡ್ಡ ರೆಕ್ಕೆ, ಸುತ್ತ ಸುಕ್ಕುಗಟ್ಟಿದ ತಗಡಿನ ಹೊದಿಕೆ. ಇಂಥವುಗಳ ಅಗಲ ಬುಡದ ಹಿಂದೆ ಗಾಳಿ ಎಳೆಯುವ ಸೆಳೆತವೇ ಒಂದಷ್ಟು ಸ್ಥಿರತೆ ಕೊಡುತ್ತದೆ. ಬ್ಯಾರೋಮನ್ ಸೂತ್ರ ಇದನ್ನು ಎಣಿಸುವುದಿಲ್ಲ. ಹಾಗಾಗಿ ಲೆಕ್ಕ ಮಾಡುವಾಗ ಬುಡಕ್ಕೆ ತೂಕವಿಲ್ಲದ ಒಂದು ಕಾಲ್ಪನಿಕ ಶಂಕುವನ್ನು, ವ್ಯಾಸದ ಸುಮಾರು 3.14 ಪಟ್ಟು ಉದ್ದದ್ದು, ಅಂಟಿಸುವ ರೂಢಿ ಬಂದಿದೆ. ಇದು ಸಿದ್ಧಾಂತಕ್ಕಿಂತ ಅನುಭವದ ಉಪಾಯ. ಗಿಡ್ಡ ರಾಕೆಟ್ಟಿಗೆ ಮಾತ್ರ ಸಲ್ಲುವಂಥದ್ದು. ಲಿಟಲ್ ಜೋ-2ರ ಒಂದು ಹಾರಾಟ ರೆಕ್ಕೆಯ ಮಹಿಮೆಯನ್ನು ಬೇರೆ ರೀತಿ ತೋರಿಸಿತು. 1965ರ ಮೇ ತಿಂಗಳಲ್ಲಿ ಅದರ ರೆಕ್ಕೆಯ ನಿಯಂತ್ರಣ ಕೆಟ್ಟು, ರಾಕೆಟ್ ತನ್ನ ಸುತ್ತ ರಭಸದಿಂದ ಸುತ್ತುತ್ತ ಚೂರುಚೂರಾಯಿತು. ಪಾರುಗಾಣಿಕೆ ಗೋಪುರ ಮಾತ್ರ ನೌಕೆಯನ್ನು ಕ್ಷೇಮವಾಗಿ ಎಳೆದೊಯ್ದಿತು. ಪರೀಕ್ಷೆಗೆ ಅದಕ್ಕಿಂತ ನಿಜವಾದ ಸಂದರ್ಭ ಸಿಗುತ್ತಿರಲಿಲ್ಲ.

ಅಳತೆ ಇಳಿಸುವಾಗ ಬರಿ ಉದ್ದವಲ್ಲ, ತೂಕ ಮತ್ತು ಸಮಯದ ಲೆಕ್ಕವೂ ಬದಲಾಗುತ್ತದೆ. ಉದ್ದ ನೂರರಲ್ಲೊಂದಾದರೆ ಗಾತ್ರ ಹತ್ತು ಲಕ್ಷದಲ್ಲೊಂದು. 2,900 ಟನ್ನಿಗೂ ಮಿಕ್ಕಿದ ಸ್ಯಾಟರ್ನ್-5ರ ನೂರರಲ್ಲೊಂದು ಮಾದರಿ ಈ ಲೆಕ್ಕದಲ್ಲಿ ಮೂರು ಕಿಲೋ ಹತ್ತಿರ ಇರಬೇಕು. ಟೊಳ್ಳು ಕಾಗದದ ಮಾದರಿ ಅದಕ್ಕಿಂತ ಎಷ್ಟೋ ಹಗುರ. 2009ರ ಏಪ್ರಿಲ್‌ನಲ್ಲಿ ಸ್ಟೀವ್ ಈವ್ಸ್ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹಾರಿಸಿದ ಹತ್ತರಲ್ಲೊಂದು ಪಾಲಿನ ಸ್ಯಾಟರ್ನ್-5, 11 ಮೀಟರ್ ಎತ್ತರವಿದ್ದರೂ ಸುಮಾರು 750 ಕಿಲೋ ಮಾತ್ರ ತೂಗುತ್ತಿತ್ತು. ಘನದ ಲೆಕ್ಕಕ್ಕೆ ಬಂದದ್ದರ ಕಾಲು ಭಾಗ. ಇನ್ನು ವೇಗ. ಸ್ಯಾಟರ್ನ್-5ರ ನೂಕುಬಲ ಅದರ ತೂಕದ 1.2 ಪಟ್ಟು ಅಷ್ಟೇ. ಉಡಾವಣಾ ಗೋಪುರ ದಾಟಲು ಹತ್ತು ಸೆಕೆಂಡಿನಷ್ಟು ಹಿಡಿಯಿತು. ಆ ಗಾಂಭೀರ್ಯವನ್ನು ಮಾದರಿ ಅನುಕರಿಸಲಾಗದು. ರೆಕ್ಕೆ ಕೆಲಸ ಮಾಡಬೇಕಾದರೆ ಗಾಳಿ ಬೇಕು, ಗಾಳಿ ಬೇಕಾದರೆ ವೇಗ ಬೇಕು. ಒಂದು ಮೀಟರ್ ಉದ್ದದ ಸರಳಿನ ತುದಿ ಮುಟ್ಟುವಷ್ಟರಲ್ಲಿ ಸೆಕೆಂಡಿಗೆ 13 ಮೀಟರಿನ ಆಸುಪಾಸು ವೇಗ ಬಂದಿರಬೇಕು. ನೂಕುಬಲ ತೂಕದ ಹಲವು ಪಟ್ಟು ಇರಲಿ ಎನ್ನುವುದು ಇದಕ್ಕೇ. ಅದು ಸಾಧ್ಯವಾಗದ ಭಾರದ ಮಾದರಿಗೆ ಸರಳನ್ನೇ ಉದ್ದ ಮಾಡಬೇಕು.

ಹಾಗಾದರೆ ಯಾವ ರಾಕೆಟ್ ಆರಿಸಬೇಕು? ಮೂಲದಲ್ಲೇ ರೆಕ್ಕೆಯ ಬಲದಿಂದ, ಯಾವ ಮಾರ್ಗದರ್ಶಿ ಯಂತ್ರವೂ ಇಲ್ಲದೆ ಹಾರಿದ್ದನ್ನು. ಸೌಂಡಿಂಗ್ ರಾಕೆಟ್ಟುಗಳು ಹಾಗೆಯೇ. ಹಾರಿಸುವ ಮೊದಲು ಬಲೂನು ಬಿಟ್ಟು ಗಾಳಿಯನ್ನು ಅಳೆದು, ಅದಕ್ಕೆ ತಕ್ಕಂತೆ ಉಡಾವಣಾ ಕಂಬಿಯನ್ನು ವಾಲಿಸುತ್ತಾರೆ. ಆಮೇಲೆ ಎಲ್ಲವೂ ರೆಕ್ಕೆಯ ಹೊಣೆ. ಅವುಗಳ ಮಾದರಿಯಲ್ಲಿ ಆಕಾರದ ನಿಷ್ಠೆ ಮತ್ತು ಹಾರಾಟದ ನಿಷ್ಠೆ ಪರಸ್ಪರ ಜಗಳವಾಡುವುದಿಲ್ಲ. 1963ರ ನವೆಂಬರ್ 21ರಂದು ತುಂಬಾ ಉಡಾವಣಾ ನೆಲೆಯಿಂದ ಮೊದಲು ಹಾರಿದ ನೈಕ್-ಅಪಾಚೆ ಇಂಥದ್ದು. 1967ರ ನವೆಂಬರ್ 20ರಂದು ಹಾರಿದ, ನಮ್ಮಲ್ಲೇ ತಯಾರಾದ ಮೊದಲ ರಾಕೆಟ್ ಆರ್‌ಎಚ್-75 ಇಂಥದ್ದು. ಆರ್‌ಎಚ್ ಎಂದರೆ ರೋಹಿಣಿ, ಅಂಕಿ ಮಿಲಿಮೀಟರಿನಲ್ಲಿ ವ್ಯಾಸ. 75 ಮಿಲಿಮೀಟರಿನ ಮೂರರಲ್ಲೊಂದು 25. ಮೇಲೆ ಲೆಕ್ಕ ಮಾಡಿದ ಕೊಳವೆಯ ವ್ಯಾಸವೂ ಅದೇ. ಭಾರತದಲ್ಲಿ ಮೊದಲ ಸ್ಕೇಲ್ ಮಾದರಿ ಕಟ್ಟಲು ಹೊರಟವರಿಗೆ ನಾನು ಸೂಚಿಸುವುದು ಆರ್‌ಎಚ್-75ನ್ನೇ. ವಾತಾವರಣ ಅಧ್ಯಯನಕ್ಕಾಗಿ ಹತ್ತು ಕಿಲೋ ಉಪಕರಣ ಹೊತ್ತು 70-80 ಕಿಲೋಮೀಟರ್ ಏರುವ ಆರ್‌ಎಚ್-200 ಮುಂದಿನ ಮೆಟ್ಟಿಲು. ಅದು ಎರಡು ಹಂತದ್ದು.

ಉಪಗ್ರಹ ವಾಹಕಗಳೇ ಬೇಕೆಂದರೆ ಎಸ್‌ಎಲ್‌ವಿ-3 ಒಳ್ಳೆಯ ಆಯ್ಕೆ. 22 ಮೀಟರ್ ಎತ್ತರ, ಒಂದು ಮೀಟರ್ ವ್ಯಾಸ, ಮೊದಲ ಹಂತಕ್ಕೆ ಸ್ಪಷ್ಟವಾಗಿ ಕಾಣುವ ರೆಕ್ಕೆಗಳು. ಇಪ್ಪತ್ತರಲ್ಲೊಂದು ಪಾಲಿಗೆ 1.1 ಮೀಟರ್ ಉದ್ದ, 5 ಸೆಂಟಿಮೀಟರ್ ದಪ್ಪ. ಮೇಲೆ ಹೋದಂತೆ ತೆಳ್ಳಗಾಗುವ ಆಕಾರವೂ ಅನುಕೂಲವೇ. ಎಲ್‌ವಿಎಂ-3 ಮಾತ್ರ ಕಠಿಣ. 43.5 ಮೀಟರ್ ಎತ್ತರ, ನಡುದೇಹ 4 ಮೀಟರ್, ಪಕ್ಕಗಳಲ್ಲಿ 3.2 ಮೀಟರ್ ವ್ಯಾಸದ ಎರಡು ಎಸ್200 ಬೂಸ್ಟರುಗಳು, ಮೇಲೆ 5 ಮೀಟರ್ ವ್ಯಾಸದ ತಲೆ. ದೇಹಕ್ಕಿಂತ ತಲೆ ದಪ್ಪ ಇದ್ದರೆ ಒತ್ತಡ ಕೇಂದ್ರ ಮುಂದಕ್ಕೆ ಓಡುತ್ತದೆ, ರೆಕ್ಕೆಯೂ ಇಲ್ಲ. ಇದನ್ನು ಹಾರಿಸಲು ಪಾರದರ್ಶಕ ರೆಕ್ಕೆ ಮತ್ತು ಮೂತಿಯ ತೂಕ ಎರಡೂ ಬೇಕಾಗುತ್ತವೆ. ಅನುಭವ ಬರುವವರೆಗೆ ಬೀರುವಿನ ಮೇಲೆಯೇ ಇರಲಿ.

ಆರಿಸಿದ ಮೇಲೆ ಮಾಹಿತಿ ಕೂಡಿಸುವ ಕೆಲಸ. ಪೀಟರ್ ಆಲ್ವೇ ಅವರ ‘ರಾಕೆಟ್ಸ್ ಆಫ್ ದಿ ವರ್ಲ್ಡ್’ ಮಾದರಿಗಾರರು ಮೊದಲು ತೆರೆಯುವ ಪುಸ್ತಕ. ನಮ್ಮ ರಾಕೆಟ್ಟುಗಳಿಗಾದರೆ ತುಂಬಾದ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನಲ್ಲಿರುವ ಬಾಹ್ಯಾಕಾಶ ವಸ್ತುಸಂಗ್ರಹಾಲಯವನ್ನು ನೋಡಲೇಬೇಕು. ಇಲ್ಲಿ ಹೊಸಬರು ಮರೆಯುವುದೊಂದು: ಆರ್‌ಎಚ್-75 ಎಂಬ ಹೆಸರಿನದ್ದನ್ನಲ್ಲ, ಇಂಥ ದಿನ ಹಾರಿದ ಇಂಥ ರಾಕೆಟ್ಟನ್ನು ಮಾಡಬೇಕು. ಒಂದೇ ಜಾತಿಯ ರಾಕೆಟ್ಟಿಗೆ ಒಂದೊಂದು ಹಾರಾಟದಲ್ಲಿ ಒಂದೊಂದು ಬಣ್ಣ, ಬರಹ, ಆಂಟೆನಾ. ಕಪ್ಪು-ಬಿಳುಪು ಚೌಕಗಳು ಬರಿ ಅಲಂಕಾರಕ್ಕಲ್ಲ, ರಾಕೆಟ್ ತನ್ನ ಸುತ್ತ ಎಷ್ಟು ಸುತ್ತುತ್ತಿದೆಯೆಂದು ಕ್ಯಾಮೆರಾದಲ್ಲಿ ಎಣಿಸಲು ಬಳಿದವು. 1972ರಲ್ಲಿ ಯುಗೊಸ್ಲಾವಿಯದ ವರ್ಷಾಟ್ಸ್‌ನಲ್ಲಿ ಮೊದಲ ಬಾರಿ ನಡೆದ ವಿಶ್ವ ಬಾಹ್ಯಾಕಾಶ ಮಾದರಿ ಸ್ಪರ್ಧೆಯ ಪರಂಪರೆಯಲ್ಲಿ ಸ್ಕೇಲ್ ವಿಭಾಗದವರು ಮಾದರಿಯ ಜೊತೆ ದಾಖಲೆಗಳನ್ನೂ ತೀರ್ಪುಗಾರರ ಮುಂದಿಡುತ್ತಾರೆ.

ಕಟ್ಟುವ ಕೆಲಸದಲ್ಲಿ ಕೊಳವೆಯೇ ಮೊದಲು. ಬೇಕಾದ ವ್ಯಾಸದ ಕೊಳವೆ ಸಿಗದಿದ್ದರೆ ಪಿವಿಸಿ ಪೈಪಿನ ಮೇಲೆ ಮೇಣದ ಕಾಗದ ಸುತ್ತಿ, ಅದರ ಮೇಲೆ ಗೋಂದು ಹಚ್ಚಿದ ಕ್ರಾಫ್ಟ್ ಕಾಗದವನ್ನು ಪದರ ಪದರವಾಗಿ ಸುತ್ತಿ ಒಣಗಿಸಬಹುದು. ಮೂತಿಯೊಳಗಿನ ಸೀಸ ಬಿಟ್ಟರೆ ಯಾವ ಭಾಗದಲ್ಲೂ ಲೋಹ ಬೇಡ. ಕಾಗದ, ಮರ, ಪ್ಲಾಸ್ಟಿಕ್ ಮಾತ್ರ. ಮೂತಿಯನ್ನು ಬಾಲ್ಸಾ ಮರದಲ್ಲಿ ಕಡೆದು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡುತ್ತಾರೆ. ತೂಕ ತುಂಬಬೇಕಾದ್ದರಿಂದ ಟೊಳ್ಳಾಗಿಸಿ, ಸೀಸದ ಗುಂಡನ್ನು ಎಪಾಕ್ಸಿಯಲ್ಲಿ ಹೂತು ಅಲುಗದಂತೆ ಕೂರಿಸಬೇಕು. ಈಗ ತ್ರೀ-ಡಿ ಪ್ರಿಂಟರ್ ಇದ್ದವರಿಗೆ ಮೂತಿ ಮತ್ತು ಕತ್ತು ಸುಲಭ. ಆದರೆ ಬಾಲದ ಭಾಗಗಳನ್ನು ಪ್ರಿಂಟ್ ಮಾಡಿದರೆ ತೂಕ ತಪ್ಪು ಜಾಗದಲ್ಲಿ ಕೂಡುತ್ತದೆ. ರೆಕ್ಕೆಯ ಬಾಲ್ಸಾದಲ್ಲಿ ಮರದ ಎಳೆ ಮುಂಚೂಣಿ ಅಂಚಿಗೆ ಸಮಾನಾಂತರವಾಗಿರಲಿ. ಅಡ್ಡ ಇದ್ದರೆ ಗಾಳಿಯ ಹೊಡೆತಕ್ಕೆ ರೆಕ್ಕೆ ಸೀಳುತ್ತದೆ. ಅಂಟಿಸುವಾಗ ಕೋನ ಒಂದೆರಡು ಡಿಗ್ರಿ ತಪ್ಪಿದರೂ ರಾಕೆಟ್ ಸುತ್ತತೊಡಗುತ್ತದೆ. ಒಂದೇ ದಿಕ್ಕಿಗೆ ಸಮನಾಗಿ ತಪ್ಪಿದ್ದರೆ ಅದು ನೂಕುಬಲದ ಓರೆಯನ್ನು ಸರಿದೂಗಿಸಿ ಉಪಕಾರವನ್ನೇ ಮಾಡೀತು. ಒಂದೊಂದು ಒಂದೊಂದು ಕಡೆ ತಪ್ಪಿದ್ದರೆ ದಾರಿ ಬಾಗುತ್ತದೆ.

ಎರಡು ಹಂತದ ಮಾದರಿಯಲ್ಲಿ ಲೆಕ್ಕ ಎರಡು ಸಲ: ಜೋಡಿಸಿದ ಪೂರ್ತಿ ರಾಕೆಟ್ಟಿಗೊಮ್ಮೆ, ಮೇಲಿನ ಹಂತ ಒಂಟಿಯಾದಾಗ ಅದಕ್ಕೊಮ್ಮೆ. ಜೋಡಿಯಾಗಿರುವಾಗ ಮೇಲಿನ ಹಂತದ ರೆಕ್ಕೆಗಳು ಒತ್ತಡ ಕೇಂದ್ರವನ್ನು ಮುಂದಕ್ಕೆ ಎಳೆಯುತ್ತವೆ. ನೈಕ್-ಅಪಾಚೆಯ ಕೆಳಹಂತವಾದ ನೈಕ್‌ನ ರೆಕ್ಕೆಗಳು ಅಷ್ಟು ಅಗಲ ಇರುವುದರ ಕಾರಣ ಇಲ್ಲಿ ಕಾಣುತ್ತದೆ. ಈ ಲೆಕ್ಕಗಳನ್ನೆಲ್ಲ ಈಗ ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶ ಮಾಡಿಕೊಡುತ್ತದೆ. ಫಿನ್ಲೆಂಡಿನ ಸಾಂಪೊ ನಿಸ್ಕನೆನ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರುಮಾಡಿದ್ದು. ಆದರೂ ಒಮ್ಮೆಯಾದರೂ ಕೈಯಿಂದಲೇ ಲೆಕ್ಕ ಮಾಡಿ ಎಂದು ನಾನು ಒತ್ತಾಯಿಸುತ್ತೇನೆ. ಯಾವ ಅಂಕಿ ಯಾವುದನ್ನು ಎಳೆಯುತ್ತದೆಂದು ತಿಳಿಯುವುದು ಆಗಲೇ. ಕಟ್ಟಿ ಮುಗಿದ ಮೇಲೆ ಮೋಟಾರ್, ಪ್ಯಾರಾಚೂಟ್ ಎಲ್ಲ ಸೇರಿಸಿ, ಗುರುತ್ವ ಕೇಂದ್ರಕ್ಕೆ ದಾರ ಕಟ್ಟಿ ತಲೆಯ ಸುತ್ತ ಬೀಸಿ ನೋಡುವುದು ಹಳೆಯ ಪರೀಕ್ಷೆ. ಮೂತಿ ಮುಂದಾಗಿ ಸುತ್ತಿದರೆ ಧೈರ್ಯವಾಗಿ ಹಾರಿಸಬಹುದು. ಸುತ್ತದಿದ್ದರೆ ಕೆಟ್ಟಿದೆಯೆಂದೇ ಅರ್ಥವಲ್ಲ, ಏಕೆಂದರೆ ದಾರದ ವೃತ್ತದಲ್ಲಿ ಗಾಳಿ ತಾಗುವುದು ಓರೆಯಾಗಿ. ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು ಅಷ್ಟೆ. ಘನ ಇಂಧನದ ಮೋಟಾರಿನಲ್ಲಿ ಅತಿ ಕಷ್ಟದ ಗಳಿಗೆ ಉಡಾವಣೆಯದೇ. ಇಂಧನ ಉರಿದು ಬಾಲ ಹಗುರಾದಂತೆ ಗುರುತ್ವ ಕೇಂದ್ರ ಮುಂದೆ ಸರಿದು ಭದ್ರತೆ ಹೆಚ್ಚುತ್ತ ಹೋಗುತ್ತದೆ.

ಭಾರತದಲ್ಲಿ ಮೋಟಾರಿನ ವಿಷಯ ಮುಚ್ಚುಮರೆಯಿಲ್ಲದೆ ಹೇಳಬೇಕು. 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಮದ್ದು ತಯಾರಿಸುವಂತಿಲ್ಲ. ಪಟಾಕಿ ಒಡೆದು ಮದ್ದು ತೆಗೆದು ಕೊಳವೆಗೆ ತುಂಬುವ ಹುಡುಗರು ಈಗಲೂ ಇದ್ದಾರೆ. 1957ರ ಅಮೆರಿಕದ ಹುಡುಗರಿಗೆ ಆದದ್ದೇ ಇವರಿಗೂ ಆದೀತು. ಇನ್-ಸ್ಪೇಸ್ ಸಂಸ್ಥೆ ಜೊತೆಗೂಡಿ ನಡೆಸುವ ಮಾದರಿ ರಾಕೆಟ್ ಸ್ಪರ್ಧೆ ಅಥವಾ ಮಣಿಪಾಲದ ಥ್ರಸ್ಟ್‌ಎಂಐಟಿಯಂಥ ಕಾಲೇಜು ತಂಡಗಳಲ್ಲಿ ಮೇಲ್ವಿಚಾರಣೆ, ಅನುಮತಿ ಎರಡೂ ಇರುತ್ತವೆ. ಶಾಲಾ ಮಕ್ಕಳಿಗೆ ಮತ್ತೂ ಸರಳವಾದದ್ದು ನೀರಿನ ರಾಕೆಟ್. ಒಂಬತ್ತು ಸೆಂಟಿಮೀಟರ್ ದಪ್ಪದ ತಂಪುಪಾನೀಯದ ಬಾಟಲಿಯನ್ನು ಒಳಗಿಟ್ಟು, ಒಂದೇ ಹಂತದ ಆರ್‌ಎಚ್-300ರ ಸುಮಾರು ಮೂರೂಕಾಲರಲ್ಲೊಂದು ಮಾದರಿಯನ್ನು ರಟ್ಟಿನಲ್ಲಿ ಕಟ್ಟಬಹುದು. ಒತ್ತಡ ಕೇಂದ್ರದ ಲೆಕ್ಕ ಒಂದಂಕಿಯೂ ಬದಲಾಗುವುದಿಲ್ಲ. ಬದಲಾಗುವುದು ತೂಕದ ಲೆಕ್ಕ. ಬಾಟಲಿಯ ಮೂರರಲ್ಲೊಂದು ಪಾಲು ನೀರು ತುಂಬಿದಾಗ ಅದೆಲ್ಲ ಬಾಲದಲ್ಲಿ ಕೂಡಿರುತ್ತದೆ, ಸೆಕೆಂಡಿನ ಒಂದು ಚೂರಿನಲ್ಲಿ ಅಷ್ಟೂ ಖಾಲಿ. ಗುರುತ್ವ ಕೇಂದ್ರವನ್ನು ನೀರು ತುಂಬಿ ಒಮ್ಮೆ, ಖಾಲಿ ಮಾಡಿ ಒಮ್ಮೆ ಗುರುತಿಸಿ, ಮೂತಿಯ ಜೇಡಿಮಣ್ಣಿನ ತೂಕವನ್ನು ತುಂಬಿದ ಬಾಟಲಿಗೆ ಹೊಂದುವಂತೆ ತೀರ್ಮಾನಿಸಬೇಕು.